ಏಳನೆಯ ಸೋಸುಬಟ್ಟೆ

ಆರನೆಯ ಬಟ್ಟೆಯನ್ನು ಹಿಂಡಿ ತಂತಿಯ ಮೇಲೆ ಹರವುವ ಹೊತ್ತಿಗೆ ಅತ್ತ ಬುಲ್‌ಡೋಜರಿನ ಸದ್ದು ಇಳಿಯತೊಡಗಿತು. ಸೋಸಕ್ಕ ಏಳನೆಯದನ್ನು ಹಿಂಡದೆ ಹಾಗೇ ಹಿಡಿದು ನಿಂತಳು. ಸೋಪಿನ ನೀರು ಮೊಣಕೈವರೆಗೆ ಹರಿದು ತೋಳಿನ ಅಂಚು ಒದ್ದೆಯಾಯಿತು. ಸದ್ದು ಒಮ್ಮೆ ಏರಿತು, ಇಳಿಯಿತು, ಉಸಿರು ಸಾಲದವರ ಹಾಗೆ ಮತ್ತೊಮ್ಮೆ ಏರಿ ಕೊನೆಗೆ ಒಂದು ಕೆಮ್ಮಿನೊಂದಿಗೆ ನಿಂತುಹೋಯಿತು.

ಇಪ್ಪತ್ತು ನಿಮಿಷ. ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ.

ಆ ಕಲ್ಲುಕ್ವಾರಿಯ ಯಂತ್ರಗಳಿಗೆಲ್ಲ ಡೀಸೆಲ್ ಸೋಸಿ ಹಾಕುವುದು ಇಪ್ಪತ್ತಾರು ವರ್ಷಗಳಿಂದ ಆಕೆಯ ಕೆಲಸ. ಟ್ಯಾಂಕಿನ ಬಾಯಿಗೆ ತಗಡಿನ ಬಳೆ, ಬಳೆಯ ಮೇಲೆ ಎರಡು ಪದರ ಬಟ್ಟೆ, ಅದರ ಮೇಲೆ ಕ್ಯಾನಿನಿಂದ ಸಣ್ಣ ಧಾರೆ. ಕ್ವಾರಿಯ ದೂಳು ಬಾಯಿ ಮುಚ್ಚಿದರೆ ಮೂಗಿಗೆ ಬರುವಂಥದ್ದು. ಡೀಸೆಲಿನಲ್ಲಿ ಒಂದು ಚಿಟಿಕೆ ಬಿದ್ದರೂ ಪಂಪಿನ ಗತಿ ಮುಗಿಯಿತು. ಅದಕ್ಕೇ ಬಟ್ಟೆಗಳು ಏಳು, ವಾರದ ದಿನಕ್ಕೊಂದು. ನಾಲ್ಕೂ ಅಂಚು ಮಡಿಚಿ ಹೊಲಿದಿರಬೇಕು, ಇಲ್ಲದಿದ್ದರೆ ನೂಲೆಳೆ ಕಳಚಿಕೊಂಡು ಟ್ಯಾಂಕಿಗೆ ಹೋಗುತ್ತದೆ. ಈ ಪದ್ಧತಿಯನ್ನೆಲ್ಲ ಮಾಡಿಟ್ಟವನು ಒಬ್ಬ ಮೆಕ್ಯಾನಿಕ್. ಅವನು ಕ್ವಾರಿ ಬಿಟ್ಟು ಹೋಗಿ ಒಂಬತ್ತು ವರ್ಷವಾಗಿತ್ತು. ಅವನು ಆಕೆಯ ತಂಗಿಯ ಗಂಡ.

"ಅಕ್ಕಾ, ನಿಮ್ಮ ಆಮೆ ಮತ್ತೆ ಮಲಗಿತು!" ಶೆಡ್ಡಿನ ಕಡೆಯಿಂದ ಕೂಗು ಬಂತು.

ಕೂಗಿದವನು ಹೊರಗಿನಿಂದ ಕರೆಸಿದ ಫಿಟ್ಟರ್. ಮೂರು ದಿನದಿಂದ ಆ ಹಳೆಯ ಬುಲ್‌ಡೋಜರಿಗೆ ಅಂಟಿಕೊಂಡಿದ್ದ. ನಲವತ್ತು ದಾಟಿದ ಆಳು. ಬೀಡಿ ಬಿಟ್ಟಾಗಿನಿಂದ ಬಾಯಲ್ಲಿ ಸದಾ ಒಂದು ಬೆಂಕಿಕಡ್ಡಿ ಕಚ್ಚಿಕೊಂಡಿರುತ್ತಿದ್ದ. ಮೊದಲ ದಿನವೇ ಸೋಸಕ್ಕ, "ಡೀಸೆಲ್ ಹತ್ತಿರ ಕಡ್ಡಿ ಕಚ್ಚಿಕೊಂಡು ನಿಲ್ತೀಯಲ್ಲಪ್ಪ, ನಿನಗೆ ಮನೆ ಮಠ ಇಲ್ವಾ?" ಎಂದು ಗದರಿದ್ದಳು. "ತಲೆ ಕಿತ್ತೇ ಕಚ್ಕೊಂಡಿದ್ದೀನಿ ಅಕ್ಕ, ನೋಡಿ" ಎಂದು ಅವನು ಮದ್ದಿಲ್ಲದ ತುದಿ ತೋರಿಸಿದ್ದ. ಆಮೇಲೆ ಇಬ್ಬರಿಗೂ ಹೊಂದಿಕೆಯಾಗಿತ್ತು.

ಕ್ವಾರಿ ಮುಚ್ಚುತ್ತಿತ್ತು. ಉಳಿದ ಯಂತ್ರಗಳೆಲ್ಲ ಒಂದೊಂದಾಗಿ ಹೊರಟಿದ್ದವು. ಆಮೆಯೆಂದು ಎಲ್ಲರೂ ಕರೆಯುತ್ತಿದ್ದ ಈ ಬುಲ್‌ಡೋಜರ್ ಮಾತ್ರ ಒಂಬತ್ತು ವರ್ಷದಿಂದ ಶೆಡ್ಡಿನ ಹಿಂದೆ ಕೂತಲ್ಲೇ ಕೂತಿತ್ತು. ತಾನಾಗಿ ಏರು ಹತ್ತಿ ಟ್ರೇಲರಿನ ಮೇಲೆ ಬಂದು ನಿಂತರೆ ಒಯ್ಯುವವರಿದ್ದರು. ಇಲ್ಲವಾದರೆ ನಾಳಿದ್ದು ಗ್ಯಾಸ್ ಕಟ್ಟರಿನವರು ಬಂದು ಇದ್ದಲ್ಲೇ ತುಂಡು ಮಾಡುವುದೆಂದು ಆಗಿತ್ತು.

ಸೋಸಕ್ಕ ಕೈ ಒರೆಸಿಕೊಂಡು ಹೋದಾಗ ಫಿಟ್ಟರ್ ಫಿಲ್ಟರಿನ ಮೇಲಿನ ಸಣ್ಣ ಸ್ಕ್ರೂ ಸಡಿಲಿಸುತ್ತಿದ್ದ. ಅಲ್ಲಿಂದ ಡೀಸೆಲ್ ಚಿಮ್ಮಬೇಕಿತ್ತು. ಒಂದು ಹನಿ ಬಂದು, ಅದೂ ಬೇಡವೆನಿಸಿದಂತೆ ಅಲ್ಲೇ ನಿಂತಿತು.

"ಒಣಗಿಹೋಗಿದೆ. ಫಿಲ್ಟರ್ ಹೊಸದು. ಪೈಪ್ ಹೊಸದು. ಟ್ಯಾಂಕಿಂದ ಎಳೆಯೋ ಪಂಪ್ ಬಿಚ್ಚಿ ತೊಳೆದೆ. ಗಾಳಿ ತೆಗೆದೆ, ಸ್ಟಾರ್ಟ್ ಮಾಡಿದೆ, ಮದುವೆ ಗಂಡಿನ ಹಾಗೆ ಎದ್ದು ನಿಂತಿತು. ಇಪ್ಪತ್ತು ನಿಮಿಷಕ್ಕೆ ಮಲಗಿತು. ಈಗ ಅರ್ಧ ಗಂಟೆ ಬಿಟ್ಟರೆ ಮತ್ತೆ ಏಳುತ್ತೆ. ಇದು ರೋಗ ಅಲ್ಲ ಅಕ್ಕ, ಸೋಮಾರಿತನ."

"ಆಗಲೂ ಹೀಗೇ ಇತ್ತು," ಎಂದಳು ಸೋಸಕ್ಕ.

"ಯಾವಾಗ?"

ಉತ್ತರ ಬಂದದ್ದು ಹಿಂದಿನಿಂದ. "ಆ ಮಹಾನುಭಾವ ಪಂಪ್ ಬಿಚ್ಚಿ ಹಾಳು ಮಾಡಿದ್ನಲ್ಲ, ಆಗ." ಆಕೆಯ ಗಂಡ ಊರುಗೋಲು ಊರಿಕೊಂಡು ಬಂದು ಕಲ್ಲಿನ ಮೇಲೆ ಕೂತಿದ್ದ. ಹದಿನೆಂಟು ವರ್ಷ ಆಮೆಯನ್ನು ಓಡಿಸಿದವನು ಅವನೇ. ಮಂಡಿ ಕೈಕೊಟ್ಟು ನಾಲ್ಕು ವರ್ಷದಿಂದ ಮನೆಯಲ್ಲಿದ್ದರೂ ಎಂಜಿನ್ ಸದ್ದು ಕೇಳಿದ ಮೇಲೆ ಒಳಗೆ ಕೂರಲಾರ. "ನನ್ನ ಷಡ್ಡಕ. ಇವಳ ತಂಗಿ ಗಂಡ. ಹೊಸ ಪ್ಲಂಜರ್ ತರಿಸಿ, ಹಳೇದನ್ನೇ ಒಳಗೆ ಇಟ್ಟು, ಹೊಸದನ್ನ ಮಾರ್ಕೊಂಡ. ಅವತ್ತಿಂದ ಹೀಗಿದೆ ಇದು."

"ಪ್ಲಂಜರ್ ಸವೆದಿದ್ರೆ ಸ್ಟಾರ್ಟೇ ಕಷ್ಟ ಯಜಮಾನ್ರೇ," ಎಂದ ಫಿಟ್ಟರ್, ಪಂಪಿನೊಳಗಿನ ಆ ಬೆರಳುದ್ದದ ಉಕ್ಕಿನ ಕಡ್ಡಿಗಳನ್ನು ಕೈಸನ್ನೆಯಲ್ಲೇ ತೋರಿಸುತ್ತ. "ನಾನು ಮೊನ್ನೆ ಪಂಪ್ ಬಿಚ್ಚಿ ನೋಡಿದೆ. ಒಳಗಿರೋದು ಹೊಸದೇ. ಕನ್ನಡಿ ಹಾಗೆ ಹೊಳೀತಿವೆ."

ಗಂಡ ಕೋಲಿನ ತುದಿಯಿಂದ ನೆಲ ಕೆರೆದ. ಸೋಸಕ್ಕ ಅಲ್ಲೇ ಆಮೆಯ ಸರಪಳಿ ಹಿಡಿದುಕೊಂಡಳು. ಬಿಸಿಲಿಗೆ ಕಾದಿತ್ತು; ಆದರೂ ಕೈ ತೆಗೆಯಲಿಲ್ಲ.

ಒಂಬತ್ತು ವರ್ಷದ ಹಿಂದೆ ಎರಡು ತಿಂಗಳು ಆಮೆ ಹೀಗೇ ಎದ್ದು ಎದ್ದು ಮಲಗಿತ್ತು. ತಂಗಿಯ ಗಂಡ ಫಿಲ್ಟರ್ ಬದಲಿಸಿದ, ಪೈಪು ಬದಲಿಸಿದ, ಪಂಪನ್ನು ಮೂರು ಸಲ ಬಿಚ್ಚಿದ. ಡ್ರೈವರ್‌ಗೂ ಮೆಕ್ಯಾನಿಕ್‌ಗೂ ದಿನಾ ಜಗಳ. ಅಕ್ಕಪಕ್ಕದ ಎರಡು ಕೋಣೆಗಳಲ್ಲಿ, ಒಂದೇ ಗೋಡೆಯ ಆಚೆ ಈಚೆ, ಅಕ್ಕ ತಂಗಿ ಇಬ್ಬರೂ ಗಂಡಂದಿರಿಗೆ ಬಡಿಸಿ ಸುಮ್ಮನಿರುತ್ತಿದ್ದರು. ಅವರು ಮಲಗಿದ ಮೇಲೆ ಗೋಡೆಗೆ ಬೆರಳಿನಿಂದ ಎರಡು ಸಲ ತಟ್ಟಿ, ಹಿತ್ತಲಿಗೆ ಬಂದು, ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುತ್ತಿದ್ದರು. ಕೊನೆಗೊಂದು ದಿನ ಡ್ರೈವರ್ ಮಾಲೀಕರ ಹತ್ತಿರ ಹೋಗಿ ಪ್ಲಂಜರಿನ ಮಾತು ಎತ್ತಿದ. ಮಾಲೀಕರು ಎಲ್ಲರನ್ನೂ ಕರೆಸಿದರು. "ನೀನು ಏನಾದ್ರೂ ನೋಡಿದ್ದೀಯಾ?" ಎಂದು ಆಕೆಯನ್ನೂ ಕೇಳಿದರು. ಆಕೆ ನೋಡಿದ್ದು ನಿಜ. "ಏನೋ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕ್ಕೊಂಡಿದ್ದು ನೋಡಿದೆ" ಎಂದಳು. ಅಷ್ಟೇ ಮಾತು. ತಂಗಿಯ ಗಂಡ ಆಕೆಯ ಕಡೆ ಒಮ್ಮೆ ತಿರುಗಿ ನೋಡಿದ. ಸುತ್ತಿದ್ದು ಏನೆಂದು ಹೇಳಬಹುದಾಗಿತ್ತು, ಹೇಳಲಿಲ್ಲ. ಮರುದಿನ ಪಕ್ಕದ ಕೋಣೆ ಖಾಲಿಯಾಯಿತು.

ವರ್ಷ ಕಳೆದು ತಂಗಿಯಿಂದ ಒಂದು ಕಾಗದ ಬಂತು. ಓದಲು ಬರದ ಸೋಸಕ್ಕ ಅದನ್ನು ಯಾರ ಕೈಗೂ ಕೊಡಲಿಲ್ಲ. ಗಂಡನ ಕೈಗೆ ಕೊಡುವ ಹಾಗಿಲ್ಲ. ಗುಮಾಸ್ತನಿಗೆ ಕೊಟ್ಟರೆ ಕ್ವಾರಿಗೆಲ್ಲ ಓದಿದ ಹಾಗೆ. ಹಿಟ್ಟಿನ ಡಬ್ಬದಲ್ಲಿ ಅದನ್ನಿಟ್ಟು, ಐವತ್ತನಾಲ್ಕನೆಯ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೆಸರು ಹಚ್ಚಿದಳು. ಡೀಸೆಲ್ ಹತ್ತಿದ ಬೆರಳಿನಿಂದ ಪಾಟಿಯ ಮೇಲೆ ಎರಡು ವರ್ಷ ತಿದ್ದಿದ ಮೇಲೆ, ತಾನಾಗಿ ಓದಿದ ಮೊದಲ ಕಾಗದ ಅದೇ.

"ಅಕ್ಕಾ, ಅವರು ಕಾಗದದಲ್ಲಿ ಸುತ್ತಿ ತಂದದ್ದು ಸವೆದ ಪ್ಲಂಜರ್‌ಗಳು. ಎಲ್ಲಿ ಸವೆದಿದೆ ಅಂತ ಮನೆಯಲ್ಲಿ ಕೂತು ನೋಡೋಕೆ ತಂದರು. ಈಗಲೂ ನನ್ನ ಹತ್ತಿರ ಇವೆ. ಅಕ್ಕಾ, ನೀನೂ ಅವರನ್ನ ಕಳ್ಳ ಅಂದುಕೊಂಡ್ಯಾ?" ಅದರ ಕೆಳಗೆ ವಿಳಾಸ. ಬೇರೇನೂ ಇರಲಿಲ್ಲ.

ಆಮೇಲೆ ಎಷ್ಟು ಸಲ ಉತ್ತರ ಬರೆಯಲು ಕೂತಳೋ. ಕ್ಷೇಮ ಬರೆಯುತ್ತಿದ್ದಳು, ಮಂಡಿನೋವು ಬರೆಯುತ್ತಿದ್ದಳು, ಪಕ್ಕದ ಕೋಣೆಯಲ್ಲಿ ಈಗ ಸಿಮೆಂಟ್ ಚೀಲ ಇಟ್ಟಿದ್ದಾರೆ ಎಂದು ಬರೆಯುತ್ತಿದ್ದಳು. ತಂಗಿ ಕೇಳಿದ ಮಾತಿನ ಹತ್ತಿರ ಬಂದಾಗ ಪೆನ್ನು ನಿಲ್ಲುತ್ತಿತ್ತು. ಇಲ್ಲ ಎಂದು ಬರೆದರೆ ಸುಳ್ಳು. ಹೌದು ಎಂದು ಬರೆಯುವುದಾದರೂ ಹೇಗೆ? ಅರ್ಧಕ್ಕೆ ನಿಂತ ಹನ್ನೊಂದು ಕಾಗದಗಳು ಡಬ್ಬದಲ್ಲಿದ್ದವು.

"ಸರಿ, ಕೊನೇ ಪ್ರಯತ್ನ," ಎಂದ ಫಿಟ್ಟರ್. ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನ ಕಡೆಯಿಂದ ಕಳಚಿ, ಟೈರಿಗೆ ಗಾಳಿ ಹಾಕುವ ಕೈಪಂಪಿನ ಕೊಳವೆಯನ್ನು ಅದಕ್ಕೆ ಸಿಕ್ಕಿಸಿದ. "ಅಕ್ಕ, ಟ್ಯಾಂಕಿಗೆ ಕಿವಿ ಇಡಿ. ನಾನು ಊದ್ತೀನಿ."

ಆಕೆ ಟ್ಯಾಂಕಿನ ತಗಡಿಗೆ ಕೆನ್ನೆ ಒತ್ತಿದಳು. ಅವನು ಒತ್ತಿದ. ಮೊದಲು ಸದ್ದಿಲ್ಲ. ಇನ್ನೊಮ್ಮೆ ಜೋರಾಗಿ ಒತ್ತಿದ. ಒಳಗೆ ಏನೋ ಬಿಟ್ಟುಕೊಂಡ ಹಾಗೆ 'ಬುಳಕ್' ಎಂದಿತು, ಹಿಂದೆಯೇ ಗುಳುಗುಳು ಗುಳುಗುಳು.

"ಬಿಡ್ತು! ಕೇಳಿಸಿತಾ?" ಫಿಟ್ಟರ್ ಕಡ್ಡಿಯನ್ನು ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ಸರಿಸಿದ. "ಒಳಗೆ ಏನೋ ಇದೆ ಅಕ್ಕ. ಎಂಜಿನ್ ಎಳೆಯುವಾಗ ಮೆಲ್ಲಗೆ ತೇಲ್ಕೊಂಡು ಬಂದು ಪೈಪಿನ ಬಾಯಿಗೆ ಕೂತ್ಕೊಳ್ಳುತ್ತೆ. ಎಂಜಿನ್ ನಿಂತ ಮೇಲೆ ಎಳೆತ ಇಲ್ಲ, ಬಿಟ್ಟು ಹೋಗುತ್ತೆ. ಅದಕ್ಕೇ ಅರ್ಧ ಗಂಟೆ ರಜ. ಎಲೆನೋ, ಪ್ಲಾಸ್ಟಿಕ್ಕೋ, ಬಟ್ಟೆ ಚೂರೋ."

"ಟ್ಯಾಂಕಲ್ಲಿ ಏನಿರುತ್ತೆ? ಇವಳು ಸೋಸಿ ಹಾಕಿದ ಡೀಸೆಲ್," ಎಂದ ಗಂಡ. "ಕಳ್ಳನಾದ್ರೂ ಅವನೂ ಅದನ್ನೇ ಅಂದಿದ್ದ. ಎಲ್ಲ ಬಿಚ್ಚಿದ, ಟ್ಯಾಂಕ್ ಮಾತ್ರ ಬಿಚ್ಚಲಿಲ್ಲ. ಅತ್ತಿಗೆ ಸೋಸಿದ ಮೇಲೆ ಟ್ಯಾಂಕಿಗೆ ಕೈ ಹಾಕೋದು ಅತ್ತಿಗೆಗೆ ಅವಮಾನ ಅಂದ."

ಸೋಸಕ್ಕನ ಕೆನ್ನೆ ಇನ್ನೂ ತಗಡಿಗೆ ಒತ್ತಿಕೊಂಡೇ ಇತ್ತು. ಒಳಗೆ ಗುಳ್ಳೆಗಳು ಒಂದೊಂದಾಗಿ ಒಡೆದು ಸುಮ್ಮನಾದವು.

ಆ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಆಮೆಗೆ ಡೀಸೆಲ್ ಹಾಕುತ್ತಿದ್ದಾಗ ಬಂಡೆ ಸಿಡಿಸುವ ಸೀಟಿ ಊದಿತ್ತು. ಕ್ಯಾನು ಕೆಳಗಿಟ್ಟು ಓಡಿದ್ದಳು. ವಾಪಸು ಬಂದಾಗ ತಗಡಿನ ಬಳೆ ಟ್ಯಾಂಕಿನ ಬಾಯಲ್ಲೇ ಇತ್ತು, ಬಟ್ಟೆ ಇರಲಿಲ್ಲ. ಸಿಡಿತದ ಗಾಳಿ ಒಯ್ದಿರಬೇಕು ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ತಂಗಿಯ ಗಂಡ ಪ್ರತಿ ಶನಿವಾರ ಬಟ್ಟೆ ಎಣಿಸುತ್ತಿದ್ದ, ಒಂದು ಕಡಿಮೆಯಾದರೆ "ಏನತ್ತಿಗೆ, ಲಂಗೋಟಿಗೆ ಕೊಟ್ರಾ ಯಾರಿಗಾದ್ರೂ?" ಎಂದು ಹತ್ತು ಜನರೆದುರು ನಗಿಸುವವನು. ಆ ನಗೆಗೆ ಅಂಜಿ ಆಕೆ ಹಳೆಯ ದಿಂಬಿನ ಚೀಲ ಹರಿದು, ಅಂಚು ಮಡಿಚಿ ಹೊಲಿದು, ಏಳನೆಯದೆಂದು ತಂತಿಗೆ ಹಾಕಿದಳು. ಶನಿವಾರ ಅವನು ಎಣಿಸಿದ. ಏಳಿತ್ತು. ಮುಂದಿನ ವಾರದಿಂದ ಆಮೆ ಮಲಗತೊಡಗಿತು.

"ಟ್ಯಾಂಕ್ ಬಿಚ್ಚಪ್ಪ," ಎಂದಳು.

"ಇಳಿಸೋಕೆ ಕ್ರೇನ್ ಬೇಕು ಅಕ್ಕ. ಇರೋ ಒಂದು ಕ್ರೇನೂ ಹೋಯ್ತು."

"ಬಾಯಿ ಸುತ್ತ ಬಿಲ್ಲೆ ಇದೆಯಲ್ಲ, ಅದರ ಬೋಲ್ಟ್ ಬಿಚ್ಚು. ಕೈ ಹೋಗುತ್ತೆ."

"ಯಾರ ಕೈ? ನನ್ನ ಮಣಿಕಟ್ಟೂ ಹೋಗಲ್ಲ."

"ನನ್ನದು ಹೋಗುತ್ತೆ."

ಗಂಡ ನಕ್ಕ. "ಏ ಇವಳೇ, ಅರವತ್ತೆರಡು ವಯಸ್ಸಲ್ಲಿ ಆಮೆ ಹತ್ತೋಕೆ ಹೊರಟೆಯಾ? ಬಿದ್ದರೆ ಎತ್ತೋಕೆ ನನಗೆ ಮಂಡಿ ಇಲ್ಲ."

"ಬಿದ್ದರೆ ಎತ್ತಬೇಡಿ," ಎಂದು ಸೋಸಕ್ಕ ಸರಪಳಿಯ ಮೇಲೆ ಕಾಲಿಟ್ಟಳು. ದನಿಯಲ್ಲಿ ಏನೋ ಇತ್ತು. ಗಂಡ ನಗು ನಿಲ್ಲಿಸಿದ.

ಆರು ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. ಫಿಟ್ಟರ್ ಒಂದೊಂದಕ್ಕೂ ಬೈದು, ಪುಸಲಾಯಿಸಿ, ಸುತ್ತಿಗೆಯಲ್ಲಿ ತಟ್ಟಿ ಬಿಡಿಸಿದ. ಬಿಲ್ಲೆ ಎದ್ದಾಗ ಹಳೆಯ ಡೀಸೆಲಿನ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಸೋಸಕ್ಕ ತೋಳು ಮೇಲೆ ಸುತ್ತಿ, ಬಗ್ಗಿ, ಕೈ ಇಳಿಸಿದಳು. ಮೊಣಕೈ ಹೋಯಿತು. ಅಂಚಿನ ತಗಡು ತರಚಿತು. ತೋಳು ಹೋಯಿತು. ಕೊನೆಗೆ ಭುಜ ತಗಡಿಗೆ ಒತ್ತಿ, ಮುಖ ಆಕಾಶದ ಕಡೆ ತಿರುಗಿತು.

"ನಡುವೆ ಒಂದು ಅಡ್ಡ ತಗಡು ಇರುತ್ತೆ," ಫಿಟ್ಟರ್ ಕೆಳಗಿನಿಂದ ಹೇಳುತ್ತಿದ್ದ. "ಡೀಸೆಲ್ ಅಲ್ಲಾಡಬಾರ್ದು ಅಂತ ಹಾಕಿರೋದು. ಅದರ ಆಚೆ ನೋಡಿ. ಸಿಕ್ಕಿತಾ?"

"ಮಾತಾಡಬೇಡ."

ಅಡ್ಡ ತಗಡಿನ ಕೆಳಗೆ ಒಂದು ಕಿಂಡಿ. ಅದರಾಚೆ ಮಡ್ಡಿ, ಕೆಸರಿನಷ್ಟು ಮೆತ್ತಗೆ. ಬೆರಳು ಪೈಪಿನ ಬಾಯಿ ಮುಟ್ಟಿತು. ಅಲ್ಲಿಂದ ಒಂದು ಗೇಣು ದೂರದಲ್ಲಿ, ಬಾಯಿ ಬಿಟ್ಟು ಹಿಂದೆ ಸರಿದ ಬಟ್ಟೆಯೊಂದು, ಒಂದು ಮೂಲೆ ಮಾತ್ರ ತಗಡಿಗೆ ಸಿಕ್ಕಿಕೊಂಡು, ತೇಲುತ್ತಿತ್ತು. ಆಕೆ ಹಿಡಿದಳು. ಎಳೆಯಲಿಲ್ಲ. ಹೆಬ್ಬೆರಳಿನಿಂದ ಅಂಚನ್ನು ತಡವಿದಳು.

ಎರಡು ಸಣ್ಣ ಹೊಲಿಗೆ, ಒಂದು ಉದ್ದ. ಎರಡು ಸಣ್ಣ, ಒಂದು ಉದ್ದ.

ಚಿಕ್ಕವಳಿದ್ದಾಗ ತಂಗಿಗೆ ಸಮ ಹೊಲಿಗೆ ಬರುತ್ತಲೇ ಇರಲಿಲ್ಲ. ಎರಡು ಹಾಕುವಷ್ಟರಲ್ಲಿ ತಾಳ್ಮೆ ಮುಗಿದು ಮೂರನೆಯದನ್ನು ಉದ್ದ ಎಳೆದುಬಿಡುತ್ತಿದ್ದಳು. ಅಕ್ಕ ಕೈಮೇಲೆ ಹೊಡೆದು ಕಲಿಸಿದ್ದಳು, ತಂಗಿ ಅತ್ತುಬಿಟ್ಟಿದ್ದಳು, ಮತ್ತೆ ಹಾಗೇ ಹೊಲಿದಿದ್ದಳು. ದೊಡ್ಡವಳಾದ ಮೇಲೂ ಸೋಸುಬಟ್ಟೆಗಳಿಗೆಲ್ಲ ಅಂಚು ಕಟ್ಟಿದ್ದು ಅವಳೇ. "ನಿನ್ನ ಹೊಲಿಗೆ ಕುಂಟುತ್ತೆ ಕಣೇ" ಎಂದರೆ, "ಕುಂಟಿದ್ರೂ ಊರು ಸೇರುತ್ತೆ ಬಿಡು" ಎನ್ನುತ್ತಿದ್ದಳು. ಟ್ಯಾಂಕಿನ ಕತ್ತಲಲ್ಲಿ, ಮಡ್ಡಿಯೊಳಗೆ, ಸೋಸಕ್ಕ ಆ ಹೊಲಿಗೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಪೂರ್ತಿ ತಡವಿದಳು.

"ಅಕ್ಕಾ? ಕೈ ಸಿಕ್ಕಿಕೊಂಡಿತಾ?"

"ಇಲ್ಲ," ಎಂದಳು. "ಬರ್ತಿದೆ."

ಹೊರಗೆ ಬಂದಾಗ ಅದು ಕಪ್ಪು ಮುದ್ದೆಯಾಗಿತ್ತು. ಆಕೆ ಸರಪಳಿಯ ಮೇಲೆಯೇ ಕೂತು ಅದನ್ನು ತೊಡೆಯ ಮೇಲೆ ಬಿಡಿಸಿದಳು. ಒಂದು ಕೈವಸ್ತ್ರದಷ್ಟು. ಮಧ್ಯದಲ್ಲಿ ಪೈಪಿನ ಬಾಯಿಯಷ್ಟೇ ದುಂಡಗೆ ಒಂದು ಗುರುತು ಬಿದ್ದಿತ್ತು.

"ಅಯ್ಯೋ ಇದರ!" ಫಿಟ್ಟರ್ ಹಣೆ ಚಚ್ಚಿಕೊಂಡ. "ಇಷ್ಟು ದೊಡ್ಡ ಪ್ರಾಣೀನ ಇಷ್ಟು ಬಟ್ಟೆ ಮಲಗಿಸಿತಲ್ಲ! ಯಾರ ಕೆಲಸ ಇದು?"

"ನನ್ನದು," ಎಂದಳು ಸೋಸಕ್ಕ.

ಫಿಟ್ಟರ್ ಕಡ್ಡಿ ಬಾಯಿಂದ ತೆಗೆದ. ಆಕೆ ಗಂಡನ ಕಡೆಗೇ ನೋಡುತ್ತ ಹೇಳಿದಳು, ಅವಸರವಿಲ್ಲದೆ, ಬಟ್ಟೆ ಎಣಿಸುವ ಹಾಗೆ. ಸೀಟಿ ಊದಿದ್ದು, ಓಡಿದ್ದು, ಬಟ್ಟೆ ಕಾಣದೆ ಹೋದದ್ದು, ದಿಂಬಿನ ಚೀಲ ಹರಿದದ್ದು. "ಒಂದು ಕಡಿಮೆ ಇದೆ ಅಂತ ಅವತ್ತೇ ಹೇಳಿದ್ದರೆ ಅವರು ಟ್ಯಾಂಕ್ ನೋಡ್ತಿದ್ರು. ಅವರ ಎದುರು ನಿಂತು ಕಾಗದದಲ್ಲಿ ಸುತ್ತಿದ್ದರ ವಿಷಯ ಹೇಳೋಕೆ ಬಾಯಿ ಬಂತು ನನಗೆ. ಇದನ್ನ ಹೇಳೋಕೆ ಬರಲಿಲ್ಲ."

ಗಂಡ ಆ ಬಟ್ಟೆಯನ್ನೇ ನೋಡಿದ. "ಮಾಲೀಕರ ಹತ್ತಿರ ಹೋದವನು ನಾನು," ಎಂದ. ಆಮೇಲೆ ಎದ್ದು, ಮನೆಯ ಕಡೆಗಲ್ಲ, ಬಂಡೆ ತೋಡಿದ ಹೊಂಡದ ಕಡೆಗೆ ನಡೆದುಹೋದ. ಕೋಲಿನ ಸದ್ದು ದೂರದವರೆಗೆ ಕೇಳುತ್ತಿತ್ತು.

ಸಂಜೆಯೊಳಗೆ ಫಿಟ್ಟರ್ ಬಿಲ್ಲೆ ಮುಚ್ಚಿ, ಕಳಚಿದ್ದ ಪೈಪನ್ನು ಜೋಡಿಸಿದ. ಸೋಸಕ್ಕ ತಂತಿಯಿಂದ ಒಣಗಿದ ಬಟ್ಟೆ ತಂದು ಎರಡು ಕ್ಯಾನ್ ಸೋಸಿ ಹಾಕಿದಳು. ಸ್ಕ್ರೂ ಸಡಿಲಿಸಿ, ನೊರೆ ಹೋಗುವವರೆಗೆ ಎಂಜಿನಿನ ಪಕ್ಕದ ಕೈಪಂಪು ಒತ್ತಿ, ಗಾಳಿ ತೆಗೆದು ಸ್ಟಾರ್ಟ್ ಮಾಡಿದರು. ಕರಿಹೊಗೆ ಉಗುಳಿ ಆಮೆ ಎದ್ದಿತು. ಹತ್ತು ನಿಮಿಷ. ಹದಿನೈದು. ಇಪ್ಪತ್ತಾಗುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಪ್ಪತ್ತೈದಾಯಿತು. ನಲವತ್ತಾಯಿತು. ಫಿಟ್ಟರ್ ಕಡ್ಡಿಯನ್ನು ಉಗಿದು ಹೊಸದೊಂದು ಕಚ್ಚಿಕೊಂಡ.

ಒಂದು ಗಂಟೆಯ ಹೊತ್ತಿಗೆ ಗಂಡ ಹೊಂಡದ ಕಡೆಯಿಂದ ವಾಪಸು ಬಂದ. ಯಾರನ್ನೂ ಕೇಳಲಿಲ್ಲ. ಕೋಲನ್ನು ಹೆಂಡತಿಯ ಕೈಗೆ ಕೊಟ್ಟು, ಫಿಟ್ಟರನ ಹೆಗಲು ಹಿಡಿದು, ನೋವಿಗೆ ಹಲ್ಲು ಕಚ್ಚಿ ಸೀಟಿಗೆ ಹತ್ತಿದ. ಕೈಗಳು ಲಿವರುಗಳನ್ನು ತಾವಾಗಿ ಹುಡುಕಿಕೊಂಡವು. ಆಮೆ ಕಿರುಗುಟ್ಟುತ್ತ, ಒಂಬತ್ತು ವರ್ಷ ಬೆಳೆದ ಹುಲ್ಲನ್ನು ಸರಪಳಿಗೆ ಸುತ್ತಿಕೊಂಡು, ಏರು ಹತ್ತಿ ಟ್ರೇಲರಿನ ಮೇಲೆ ಹೋಗಿ ನಿಂತಿತು. ಅವನು ತಾನೇ ಎಂಜಿನ್ ಆರಿಸಿದ. ಆರಿಸಿದ ಮೇಲೂ ತುಸು ಹೊತ್ತು ಅಲ್ಲೇ ಕೂತಿದ್ದ.

ಮರುದಿನ ಬೆಳಿಗ್ಗೆ ಸೋಸಕ್ಕ ಹಿಟ್ಟಿನ ಡಬ್ಬ ತೆಗೆದಳು. ಹನ್ನೊಂದು ಅರ್ಧ ಕಾಗದಗಳನ್ನು ಪಕ್ಕಕ್ಕಿಟ್ಟು ಹನ್ನೆರಡನೆಯದನ್ನು ಶುರು ಮಾಡಿದಳು. ಈ ಸಲ ಕ್ಷೇಮದಿಂದ ಶುರು ಮಾಡಲಿಲ್ಲ. "ಹೌದು, ಅಂದುಕೊಂಡಿದ್ದೆ" ಎಂದು ಮೊದಲ ಸಾಲಲ್ಲೇ ಬರೆದಳು. ಬರೆದ ಮೇಲೆ ಉಳಿದದ್ದು ತಾನಾಗಿ ಬಂತು. ಅಕ್ಷರ ದೊಡ್ಡ, ಸಾಲು ಓರೆ. ಎರಡು ಹಾಳೆ ತುಂಬಿತು. ಸೀಟಿ, ಬಳೆ, ದಿಂಬಿನ ಚೀಲ. ಪಂಪಿನೊಳಗೆ ಹೊಸ ಪ್ಲಂಜರ್‌ಗಳು ಕನ್ನಡಿ ಹಾಗೆ ಇವೆಯಂತೆ, ನೋಡಿದವರು ಹೇಳಿದರು. ಮುಂದಿನ ತಿಂಗಳು ನಾವೂ ಈ ಕೋಣೆ ಬಿಡಬೇಕು. ಎಲ್ಲಿಗೆ ಅಂತ ಗೊತ್ತಿಲ್ಲ. ನೀನು ಗೋಡೆಗೆ ತಟ್ಟಿದರೆ ಕೇಳಿಸುವಷ್ಟು ಹತ್ತಿರ ಇದ್ದರೆ ಸಾಕಿತ್ತು.

ಗಂಡ ಬಾಗಿಲಲ್ಲಿ ನಿಂತಿದ್ದ. "ಅವರಿಗೆ ಬರೀತಿದ್ದೀಯಾ?"

"ಹೂಂ."

"ನನ್ನದೂ ಒಂದು ಮಾತು ಸೇರಿಸು."

"ಏನಂತ?"

ಅವನು ಗೋಡೆ ನೋಡಿದ, ಹೊರಗೆ ನೋಡಿದ. ಆಕೆ ಪೆನ್ನು ಹಿಡಿದು ಕಾದಳು. ಕಾಯುವುದು ಆಕೆಗೆ ಹೊಸದಲ್ಲ.

"ಆಮೆ ನಡೀತು ಅಂತ ಬರಿ," ಎಂದ. "ಷಡ್ಡಕನಿಗೆ ಹೇಳು ಅಂತ ಬರಿ."

ಬರೆದಳು. ಬಟ್ಟೆಯನ್ನು ಆಗಲೇ ಮೂರು ಸಲ ಸೋಪು ಹಾಕಿ ತೊಳೆದಾಗಿತ್ತು. ಕಪ್ಪು ಹೋಗಿ ಬೂದಿ ಬಣ್ಣ ಉಳಿದಿತ್ತು, ಕೆಂಪು ದಾರದ ಹೊಲಿಗೆ ಸ್ವಲ್ಪ ಕಾಣುತ್ತಿತ್ತು. ನಾಲ್ಕು ಮಡಿಕೆ ಮಾಡಿ ಕಾಗದದ ಜೊತೆ ಲಕೋಟೆಗೆ ಹಾಕಿ ಅಂಟಿಸಿದಳು.

ಅಂಚೆ ಕಚೇರಿಯ ಗುಮಾಸ್ತ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟವನು ಮೂಗು ಹತ್ತಿರ ತಂದ. "ಏನಮ್ಮ ಇದು? ಲಾರಿ ಮಡಿಚಿ ಕಳಿಸ್ತಿದ್ದೀರಾ?"

"ಬಟ್ಟೆ. ಮೂರು ಸಲ ತೊಳೆದಿದ್ದೀನಿ. ವಾಸನೆ ಹೋಗಲ್ಲ."

"ಮಿಕ್ಕ ಕಾಗದಕ್ಕೂ ಹತ್ತುತ್ತಲ್ಲ ಇದು." ವಿಳಾಸ ಓದಿದ. "ಈ ಬೀದಿ ಹೆಸರು ಹಳೇದು. ಅವರು ಅಲ್ಲೇ ಇದ್ದಾರೆ ತಾನೇ?"

"ಎಂಟು ವರ್ಷದ ಹಿಂದೆ ಇದ್ದರು."

ಅವನು ತಲೆ ಎತ್ತಿ ನೋಡಿದ. ಸ್ಟಾಂಪು ಅಂಟಿಸಿ ಮುದ್ರೆ ಒತ್ತಿದ. ಒಳಗೆ ಬಟ್ಟೆ ಇದ್ದುದರಿಂದ ಮುದ್ರೆ ಮೆತ್ತಗೆ ಬಿತ್ತು. ಲಕೋಟೆಯನ್ನು ಮೊದಲು ಒಂದು ಪಕ್ಕಕ್ಕೆ, ಉಳಿದವುಗಳಿಂದ ದೂರವಾಗಿ ಇಟ್ಟ. ಆಮೇಲೆ ಏನನ್ನಿಸಿತೋ, ಎತ್ತಿ ಎಲ್ಲದರ ನಡುವೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ.

ವ್ಯಾನಿನವನು ಬಂದು ಚೀಲ ಎತ್ತಿಕೊಂಡು ಹೋದ. ಸೋಸಕ್ಕ ಅಲ್ಲೇ ನಿಂತಿದ್ದಳು. ಲಕೋಟೆ ಇಟ್ಟಿದ್ದ ಜಾಗದಲ್ಲಿ, ಮರದ ಕಟ್ಟೆಯ ಮೇಲೆ, ಡೀಸೆಲಿನ ವಾಸನೆ ಇನ್ನೂ ಸ್ವಲ್ಪ ಹೊತ್ತು ಇತ್ತು.